ಅಸ್ಥಿಯ ವಹಿವಾಟು: ಒಂದು ಪರಿಭಾಷೆಯ ವಿಮರ್ಶೆ

ಕೆಲವು ತಿಂಗಳ ಕೆಳಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಾವು ಕನ್ನಡಿಸಿದ ವೈದ್ಯಲೇಖನವೊಂದನ್ನು ತಿದ್ದಿಕೊಡಬೇಕೆಂದು ನನ್ನಲ್ಲಿಗೆ ತಂದರು. ಅಸ್ಥಿರೋಗಿಗಳ ಎಲುಬಿನಲ್ಲಿ ಕ್ಯಾಲ್ಸಿಯಂ, ರಂಜಕ ಮೊದಲಾದ ಖನಿಜಾಂಶಗಳು ಎಷ್ಟು ಬೇಗ ಬಂದು ಸೇರುತ್ತವೆ, ಎಷ್ಟು ಬೇಗ ಬಿಟ್ಟುಹೋಗುತ್ತವೆ ಎಂಬುದನ್ನು ವಿಕಿರಣಶೀಲ ಪರಮಾಣುಗಳ ಸಹಾಯದಿಂದ ಅಳೆಯುವ ಕ್ರಮವನ್ನು ಅದು ನಿರೂಪಿಸುತ್ತಿದ್ದಿತು. ಮೂಲದಲ್ಲಿ 'ಬೋನ್ ಟರ್ನೋವರ್' ಎಂದಿದ್ದ ಕಡೆಗಳಲ್ಲೆಲ್ಲ ಅವರು 'ಎಲುಬಿನ ಹೊರಳಿಕೆ' ಎಂದು ಬರೆದಿದ್ದರು. ರೋಗಿಯ ಎಲುಬು ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿರುವಂತೆ ನನಗೆ ತೋರಿತು. ಅದನ್ನು ಹೊಡೆದುಹಾಕಿ ಮೇಲೆ 'ವಹಿವಾಟು' ಎಂದು ಬರೆದೆನು. ಅವರು ವಿನಯದಿಂದಲೇ, "ಹಾಗಾದರೆ ಲೆಕ್ಕ ಬರೆಯುವವರು ಯಾರು, ಮೇಷ್ಟ್ರೆ?" ಎಂದು ಕೇಳಿದರು. ವಿನೋದಕ್ಕೆ ಕೇಳಿದ ಪ್ರಶ್ನೆಯಾದರೂ ಉತ್ತರ ನನ್ನಲ್ಲಿರಲಿಲ್ಲ. ಅದನ್ನು ಹುಡುಕುತ್ತ ಆ ವಿಷಯದ ಬರೆಹಗಳನ್ನು ಓದಿದುದರ ಫಲ ಈ ಲೇಖನ.

ಸಾಹಿತ್ಯ ಸಂಶೋಧನೆಗಳಿಗೆ ಮೀಸಲಾದ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯೆಲ್ಲಿ ಎಂದು ವಾಚಕರು ಆಕ್ಷೇಪಿಸಬಹುದು. ವಿಜ್ಞಾನಿಗಳ ಪ್ರಯೋಗವನ್ನು ಪರೀಕ್ಷಿಸುವ ಅಧಿಕಾರ ನನಗಿಲ್ಲವೆಂಬುದು ಸರಿಯೆ. ಆದರೆ ಅವರು ತಮ್ಮ ಪ್ರಯೋಗಕ್ಕೆ ಇಟ್ಟ ಹೆಸರುಗಳು ಪದಗಳು. ಪದಗಳಿಗೆ ವಾಚ್ಯಾರ್ಥವುಂಟು, ಲಕ್ಷ್ಯಾರ್ಥವುಂಟು. ಅವುಗಳ ವಿಚಾರ ನಮ್ಮ ಕಸುಬು. ಈ ಶಾಸ್ತ್ರದ ಮುಖ್ಯ ಪರಿಭಾಷೆಗಳಲ್ಲಿ ಒಂದೆರಡು ರೂಪಕಗಳು ತಮ್ಮ ಸ್ಥಾನವನ್ನು ಬಿಟ್ಟು ಪ್ರಮಾಣಗಳ ಪಂಕ್ತಿಯಲ್ಲಿ ಬಂದು ಕುಳಿತಿವೆ ಎಂಬುದೇ ನನ್ನ ವಾದ. ಇದು ಕೇವಲ ಶಬ್ದದ ಜಗಳವಲ್ಲ. ಮುಪ್ಪಿನಲ್ಲಿ ಎಲುಬು ಟೊಳ್ಳಾಗಿ ಬೆನ್ನು ಬಾಗಿದ ಹೆಂಗಸಿಗೆ ಯಾವ ಮದ್ದು ಕೊಡಬೇಕೆಂಬುದು ಈ ಪದಗಳ ಅರ್ಥವನ್ನು ಅವಲಂಬಿಸಿದ್ದ ಕಾಲವೊಂದಿತ್ತು.

ಲೋಕದೃಷ್ಟಿಯಲ್ಲಿ ಅಸ್ಥಿಯೆಂದರೆ ದೇಹದಲ್ಲಿ ಉಳಿಯತಕ್ಕ ವಸ್ತು. ದಧೀಚಿಯ ಎಲುಬಿನಿಂದ ವಜ್ರಾಯುಧವಾಯಿತೆಂಬ ಕಥೆಯ ಜೀವಾಳವೇ ಈ ಭಾವನೆ. ಚಿತೆಯಾರಿದ ಮೇಲೆ ಸಂಚಯನ ಮಾಡುವುದೂ ಅಸ್ಥಿಯನ್ನೆ. ಚರಕನು ಎಲುಬುಗಳನ್ನು ೩೬೦ ಎಂದೂ ಸುಶ್ರುತನು ೩೦೦ ಎಂದೂ ಎಣಿಸಿದುದು, ಅವು ಎಣಿಸಿದರೆ ಕದಲದೆ ನಿಲ್ಲತಕ್ಕವು ಎಂಬ ನಂಬಿಕೆಯಿಂದಲ್ಲವೆ? ಒಂದು ಧಾತುವಿನಿಂದ ಇನ್ನೊಂದು ಧಾತು ಪೋಷಿತವಾಗುತ್ತದೆಂಬ ಆಯುರ್ವೇದದ ಮಾತನ್ನು ಹಿಡಿದು, ಪರಮಾಣುಗಳ ವಿನಿಮಯವನ್ನು ನಮ್ಮವರು ಮೊದಲೇ ಬಲ್ಲರೆಂದು ಸಾಧಿಸುವವರು ಇದ್ದಾರೆ. ಆ ಜಾಡಿನಲ್ಲಿ ನಾನು ಹೋಗುವುದಿಲ್ಲ. ಪೋಷಣೆಯೆಂಬುದು ಒಂದು ಮಾತು, ಅಳತೆಯೆಂಬುದು ಬೇರೊಂದು.

ಅಳತೆಗೆ ಮುಂಚೆ ಬಣ್ಣ ಬಂದಿತು. ೧೭೩೬ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಬೆಲ್ಚಿಯರನು, ಬಟ್ಟೆಗೆ ಅಚ್ಚುಹಾಕುವವನೊಬ್ಬನ ಮನೆಯಲ್ಲಿ ಊಟಮಾಡುತ್ತಿದ್ದಾಗ, ಬಡಿಸಿದ ಹಂದಿಯ ಎಲುಬುಗಳು ಕೆಂಪಾಗಿರುವುದನ್ನು ಕಂಡನು. ಮಂಜಿಷ್ಠದ ಜಾತಿಯ ಬೇರಿನಿಂದ ಬಣ್ಣಕಟ್ಟಿದ ಬಟ್ಟೆಗಳನ್ನು ಶುದ್ಧಿಮಾಡಲು ಬಳಸಿದ ತೌಡನ್ನು ಆ ಹಂದಿಗಳಿಗೆ ಹಾಕುತ್ತಿದ್ದರು. ಮಾಂಸಕ್ಕೆ ಬಣ್ಣ ಹತ್ತಿರಲಿಲ್ಲ, ಎಲುಬಿಗೆ ಹತ್ತಿತ್ತು. ಕೆಲವು ವರ್ಷಗಳಲ್ಲಿಯೇ ಫ್ರಾನ್ಸಿನ ದ್ಯುಆಮೆಲನು ಪ್ರಾಣಿಗಳಿಗೆ ಆ ಬೇರನ್ನು ಕೆಲವು ಕಾಲ ಕೊಟ್ಟು ಕೆಲವು ಕಾಲ ನಿಲ್ಲಿಸಿ, ಎಲುಬಿನಲ್ಲಿ ಕೆಂಪು ಬಿಳಿಯ ಪದರಗಳು ಒಂದರಮೇಲೊಂದು ಕಟ್ಟುವುದನ್ನು ತೋರಿಸಿದನು. ಹೊಸ ಎಲುಬು ಎಲ್ಲಿ ಕಟ್ಟಿತೆಂಬುದಕ್ಕೆ ಇದು ಸಾಕ್ಷಿ. ಹಳೆಯ ಎಲುಬಿನಿಂದ ಏನು ಬಿಟ್ಟುಹೋಯಿತೆಂಬುದನ್ನು ಬಣ್ಣವು ಹೇಳಲಾರದು. ಈ ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನೂರು ವರ್ಷಗಳ ತರುವಾಯ, ೧೯೩೫ರ ನವೆಂಬರಿನಲ್ಲಿ, ಕೋಪನ್‌ಹೇಗನ್ನಿನಿಂದ ಷೀವಿಟ್ಸ್ ಮತ್ತು ಹೆವೆಶಿ ಎಂಬಿಬ್ಬರು 'ನೇಚರ್' ಪತ್ರಿಕೆಗೆ ಒಂದು ಕಿರುಲೇಖನವನ್ನು ಕಳುಹಿಸಿ ಪ್ರಕಟಿಸಿದರು. ಗಂಧಕದ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ ವಿಕಿರಣಶೀಲ ರಂಜಕವನ್ನು ಪಡೆದು, ಅದನ್ನು ಇಲಿಗಳಿಗೆ ತಿನ್ನಿಸಿ, ಅವುಗಳ ಅಂಗಾಂಗಗಳಲ್ಲಿ ಎಷ್ಟೆಷ್ಟು ಸೇರಿತೆಂದು ನೋಡಿದ ವೃತ್ತಾಂತವಿದು. ಆ ರಂಜಕದ ಶಕ್ತಿ ಸುಮಾರು ೧೪ ದಿನಗಳಿಗೊಮ್ಮೆ ಅರ್ಧವಾಗುತ್ತದೆ. ಮಿಕ್ಕ ಗುಣಗಳಲ್ಲಿ ಅದಕ್ಕೂ ಸಾಮಾನ್ಯ ರಂಜಕಕ್ಕೂ ಭೇದವಿಲ್ಲ. ಆದಕಾರಣ ದೇಹವು ಎರಡನ್ನೂ ಒಂದೇ ಎಂದು ಭಾವಿಸಿ ನಡೆದುಕೊಳ್ಳುತ್ತದೆ. ಇಲಿಯ ದೇಹದಲ್ಲಿ ಒಂದು ರಂಜಕ ಪರಮಾಣು ಸರಾಸರಿ ಎರಡು ತಿಂಗಳು ತಂಗುತ್ತದೆಂದು ಅವರು ಲೆಕ್ಕಹಾಕಿದರು. ಬೆಳೆದ ಪ್ರಾಣಿಯ ಅಸ್ಥಿಯೂ ನಿಂತ ವಸ್ತುವಲ್ಲ, ರಂಜಕ ಪರಮಾಣುಗಳನ್ನು ಕೊಳ್ಳುತ್ತ ಬಿಡುತ್ತ ಇರತಕ್ಕದ್ದು ಎಂಬುದು ಅವರ ಸಿದ್ಧಾಂತ. ಹೆವೆಶಿಗೆ ೧೯೪೩ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆತುದು ಇಂಥ ಸೂಚಕ ಪರಮಾಣುಗಳ ಉಪಯೋಗಕ್ಕಾಗಿ. (ಊಟದಲ್ಲಿ ಮಿಗಿಸಿದ ಮಾಂಸಕ್ಕೆ ಆತನು ವಿಕಿರಣಶೀಲ ವಸ್ತುವನ್ನು ಬೆರೆಸಿ, ಮನೆಯೊಡತಿಯು ಅದನ್ನೇ ಮರುದಿನ ಬೇರೆ ರೂಪದಲ್ಲಿ ಬಡಿಸುತ್ತಾಳೆಂದು ಸಾಧಿಸಿದ ಕಥೆ ಎಲ್ಲರೂ ಬಲ್ಲದ್ದು. ಬೆಲ್ಚಿಯರನ ಹಂದಿಯೂ ಊಟದ ಎಲೆಯ ಮೇಲೆಯೇ ಕಾಣಿಸಿಕೊಂಡಿತೆಂಬುದು ವಿನೋದದ ಸಂಗತಿ.)

ಬರೆಹವೆಂದು ನೋಡಿದರೆ ಈ ಕಿರುಲೇಖನ ನನಗೆ ಬಹಳ ಮೆಚ್ಚಿಕೆಯಾಯಿತು. ಅದರಲ್ಲಿ ಕ್ರಿಯಾಪದಗಳು ಹೆಚ್ಚು, ನಾಮಪದಗಳ ಆಡಂಬರ ಕಡಮೆ. ಪರಮಾಣು ಸೇರುತ್ತದೆ, ಬಿಡುತ್ತದೆ, ಅದರ ಸ್ಥಾನಕ್ಕೆ ಇನ್ನೊಂದು ಬರುತ್ತದೆ ಎಂದು ಹೇಳಿ ಸುಮ್ಮನಾಗುತ್ತಾರೆ. ಸೇರಿದುದೆಲ್ಲ ಹೊಸ ಎಲುಬೇ, ಅಥವಾ ಹಳೆಯ ಎಲುಬಿನೊಳಗೆ ಹಳೆಯ ಪರಮಾಣುವನ್ನು ತಳ್ಳಿ ಕುಳಿತ ಹೊಸ ಪರಮಾಣುವೆ ಎಂಬುದನ್ನು ಹೆಸರಿನಿಂದಲೇ ತೀರ್ಮಾನಿಸಿಬಿಡುವ ಅವಸರ ಅಲ್ಲಿಲ್ಲ. ಆ ಅವಸರ ಬಂದುದು ಇಲಿಯನ್ನು ಬಿಟ್ಟು ಮನುಷ್ಯನಿಗೆ ಬಂದಾಗ.

ಮನುಷ್ಯರಲ್ಲಿ ಬಳಸಿದುದು ಮುಖ್ಯವಾಗಿ ಕ್ಯಾಲ್ಸಿಯಂ. ಕ್ಯಾಲ್ಸಿಯಂ-೪೫ರ ಅರ್ಧಾಯುಷ್ಯ ಸುಮಾರು ೧೬೩ ದಿನ. ಅದರ ಬೀಟಾ ಕಿರಣಗಳು ದುರ್ಬಲವಾದುವು, ದೇಹದಿಂದ ಹೊರಕ್ಕೆ ಬಾರವು. ಕ್ಯಾಲ್ಸಿಯಂ-೪೭ರ ಅರ್ಧಾಯುಷ್ಯ ನಾಲ್ಕೂವರೆ ದಿನ. ಅದು ಗಾಮಾ ಕಿರಣಗಳನ್ನು ಬಿಡುವುದರಿಂದ ದೇಹದ ಹೊರಗಿನಿಂದಲೇ ಎಣಿಸಬಹುದು. ಕ್ಯಾಲ್ಸಿಯಮ್ಮಿನ ನಂಟನೆಂಬ ಕಾರಣಕ್ಕೆ ಸ್ಟ್ರಾನ್ಷಿಯಂ-೮೫ನ್ನೂ ಬಳಸಿದರು. ಆದರೆ ಮೂತ್ರಪಿಂಡಗಳು ಈ ನಂಟನನ್ನು ಗುರುತಿಸಿ ಬೇಗನೆ ಹೊರಕ್ಕೆ ಕಳುಹಿಸುತ್ತವೆ. ಕ್ರಮ ಇಷ್ಟೆ: ರೋಗಿಯ ರಕ್ತನಾಳಕ್ಕೆ ಗೊತ್ತಾದ ಪ್ರಮಾಣದಲ್ಲಿ ಸೂಚಕವನ್ನು ಸೇರಿಸುವುದು, ಹಲವು ದಿನಗಳ ವರೆಗೆ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಪರೀಕ್ಷಿಸುವುದು, ಮಲಮೂತ್ರಗಳನ್ನು ಒಂದಿಷ್ಟೂ ಬಿಡದೆ ಸಂಗ್ರಹಿಸುವುದು, ಬಳಿಕ ಲೆಕ್ಕ. ರಕ್ತದಲ್ಲಿ ಸೂಚಕ ಮೊದಲು ವೇಗವಾಗಿಯೂ ಅನಂತರ ನಿಧಾನವಾಗಿಯೂ ಇಳಿಯುತ್ತದೆ. ವೇಗದ ಭಾಗವು 'ವಿನಿಮಯದ ಕೊಳ'ದಲ್ಲಿ ಹರಡಿಕೊಂಡಿತೆಂದೂ, ನಿಧಾನದ ಇಳಿತದಲ್ಲಿ ಮಲಮೂತ್ರಗಳಿಗೆ ಹೋದುದನ್ನು ಕಳೆದರೆ ಉಳಿದುದು ಅಸ್ಥಿಯಲ್ಲಿ ಹೊಸದಾಗಿ ಕಟ್ಟಿಕೊಂಡಿತೆಂದೂ ಅರ್ಥಮಾಡಿದರು. ಸ್ವೀಡನ್ನಿನ ಬೌಯರ್, ಕಾರ್ಲ್‌ಸನ್, ಲಿಂಡ್‌ಕ್ವಿಸ್ಟ್ ಎಂಬ ಮೂವರು ೧೯೫೫ರಿಂದೀಚೆಗೆ ಈ ಲೆಕ್ಕವನ್ನು ಒಂದು ವ್ಯವಸ್ಥೆಗೆ ತಂದರು. ಇವರಲ್ಲಿ ಅರ್ವಿದ್ ಕಾರ್ಲ್‌ಸನ್ ಮುಂದೆ ಅಸ್ಥಿಯನ್ನು ಬಿಟ್ಟು ಮಿದುಳಿಗೆ ಕೈಯಿಟ್ಟು ೨೦೦೦ದಲ್ಲಿ ನೊಬೆಲ್ ಬಹುಮಾನ ಪಡೆದವರು. ಎಲುಬಿಗೆ ಸೇರಿದ ಆ ಉಳಿಕೆಗೆ ಇಟ್ಟ ಹೆಸರು 'ಅಕ್ರೀಷನ್', ಅಂದರೆ ಉಪಚಯ, ಬೆಳೆದು ಕೂಡಿಕೊಳ್ಳುವುದು.

ನನ್ನ ಆಕ್ಷೇಪವಿರುವುದು ಇಲ್ಲಿ. ಅಳೆದುದು ರಕ್ತದಿಂದ ಸೂಚಕವು ಮರೆಯಾದುದನ್ನು. ಹೆಸರಿಟ್ಟುದು ಎಲುಬಿನ ನಿರ್ಮಾಣಕ್ಕೆ. ನಡುವೆ ಒಂದು ಅನುಮಾನವಿದೆ: 'ಯಾವುದು ರಕ್ತವನ್ನು ಬಿಟ್ಟು, ಮಲಮೂತ್ರಗಳಲ್ಲಿ ಕಾಣದೆ, ಬೇಗ ಹಿಂದಿರುಗುವುದಿಲ್ಲವೋ ಅದು ಹೊಸ ಎಲುಬಾಗಿದೆ.' ನಮ್ಮ ತಾರ್ಕಿಕರ ಕೈಗೆ ಇದನ್ನು ಕೊಟ್ಟಿದ್ದರೆ ಅವರು ಮೊದಲು ಕೇಳುತ್ತಿದ್ದುದು ಉಪಾಧಿಯನ್ನು. ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂದು ಹೇಳಲಾಗದು. ಹಸಿಯ ಸೌದೆಯಿದ್ದರೆ ಮಾತ್ರ ಉಂಟು. ಹಸಿಯ ಸೌದೆಯ ಸಂಯೋಗವೇ ಅಲ್ಲಿ ಉಪಾಧಿ. ಹಾಗೆಯೇ ಸೂಚಕವು ಎಲುಬಿನಲ್ಲಿ ನಿಂತಿತೆಂದರೆ ಎಲುಬು ಕಟ್ಟಿತೆಂದು ಆಗಬೇಕಾದರೆ, ಹಳೆಯ ಎಲುಬು ಯಾವ ಪರಮಾಣುವನ್ನೂ ನಿಧಾನವಾಗಿ ಬದಲಾಯಿಸಿಕೊಳ್ಳುವುದಿಲ್ಲ ಎಂಬ ನಿಬಂಧನೆ ಬೇಕು. ಆ ನಿಬಂಧನೆ ನಿಜವೆ?

ಉತ್ತರ ಬಂದುದು ಬಹು ದುಃಖಕರವಾದ ಕಡೆಯಿಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೂ ಅದರ ತರುವಾಯವೂ ಅಮೆರಿಕದ ನ್ಯೂಜರ್ಸಿ ಮೊದಲಾದ ಕಡೆಗಳಲ್ಲಿ, ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣವನ್ನು ಬಳಿಯುವ ಕೆಲಸದಲ್ಲಿ ಹೆಣ್ಣುಮಕ್ಕಳಿದ್ದರು. ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡಿಕೊಳ್ಳುವುದು ಅಲ್ಲಿಯ ರೂಢಿ. ರೇಡಿಯಂ ರಾಸಾಯನಿಕವಾಗಿ ಕ್ಯಾಲ್ಸಿಯಮ್ಮಿನ ಕುಲದ್ದಾದ ಕಾರಣ ಎಲುಬು ಅದನ್ನು ತನ್ನದೆಂದು ತೆಗೆದುಕೊಂಡಿತು. ಹಲವರ ದವಡೆಯ ಎಲುಬು ಕೊಳೆಯಿತು. ಕೆಲವರಿಗೆ ಎಲುಬಿನ ಅರ್ಬುದವಾಯಿತು. ೧೯೨೫ರಲ್ಲಿ ಮಾರ್ಟ್‌ಲೆಂಡ್ ಎಂಬ ವೈದ್ಯನು ಕಾರಣವನ್ನು ಬಹಿರಂಗಪಡಿಸಿದನು. ರೇಡಿಯಂ ಹೊಕ್ಕವರ ಎಲುಬುಗಳನ್ನು ಬಹುಕಾಲದ ಮೇಲೆ ಷಿಕಾಗೋ ಬಳಿಯ ಆರ್ಗಾನ್ ಪ್ರಯೋಗಶಾಲೆಯಲ್ಲಿ ರೋಲೆಂಡ್, ಮಾರ್ಷಲ್ ಮೊದಲಾದವರು ಸೂಕ್ಷ್ಮವಾಗಿ ನೋಡಿದಾಗ, ಹೊಸದಾಗಿ ಕಟ್ಟಿದ ಜಾಗಗಳಲ್ಲಿ ದಟ್ಟವಾದ ಕಲೆಗಳು ಕಂಡವು, ಅದು ನಿರೀಕ್ಷಿತವೆ. ಆದರೆ ಅದರೊಂದಿಗೆ, ರೇಡಿಯಂ ದೇಹವನ್ನು ಹೊಗುವ ಮುಂಚೆಯೇ ಕಟ್ಟಿ ಮುಗಿದಿದ್ದ ಹಳೆಯ ಎಲುಬಿನ ಉದ್ದಗಲಕ್ಕೂ ಒಂದು ತೆಳುವಾದ ಹರಹು ಕಂಡಿತು. ನಿಬಂಧನೆ ಮುರಿಯಿತು. ಹಳೆಯ ಎಲುಬೂ ನಿಧಾನವಾಗಿ ಕೊಳ್ಳುತ್ತದೆ, ಕೊಡುತ್ತದೆ.

ಮಾರ್ಷಲನ ನೇತೃತ್ವದ ಮಂಡಲಿಯು ಅಂತಾರಾಷ್ಟ್ರೀಯ ವಿಕಿರಣರಕ್ಷಣಾ ಆಯೋಗಕ್ಕಾಗಿ ಸಿದ್ಧಪಡಿಸಿ ೧೯೭೩ರಲ್ಲಿ ಪ್ರಕಟವಾದ ೨೦ನೆಯ ಪ್ರಕಟನೆಯಲ್ಲಿ ಈ ನಿಧಾನ ವಿನಿಮಯಕ್ಕೆ ಸ್ಥಾನ ದೊರೆಯಿತು. ಈ ನಡುವೆ, ೧೯೬೦ರ ದಶಕದಲ್ಲಿ, ಹೆರಾಲ್ಡ್ ಫ್ರಾಸ್ಟನು ಟೆಟ್ರಾಸೈಕ್ಲೀನ್ ಔಷಧವನ್ನು ಬಣ್ಣವಾಗಿ ಬಳಸಿ ಎಲುಬಿನ ಕಟ್ಟೋಣವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದನು. ಬೆಲ್ಚಿಯರನ ಕೆಂಪುಬೇರು ಹೀಗೆ ಹಳದಿಯಾಗಿ ಮರಳಿ ಬಂದಿತೆನ್ನಬಹುದು. ಬಣ್ಣವು ಹೇಳಿದ ಕಟ್ಟೋಣಕ್ಕಿಂತ ಪರಮಾಣುಗಳ ಲೆಕ್ಕವು ಹೇಳಿದ 'ಉಪಚಯ' ಹೆಚ್ಚಾಗಿರುತ್ತಿತ್ತು. ಹೆಚ್ಚಾದುದೆಲ್ಲ ಕಟ್ಟೋಣವಲ್ಲ, ಹೆಸರು ಮಾತ್ರ ಉಪಚಯವೆಂದೇ ಮುಂದುವರಿಯಿತು.

'ಕೊಳ'ವೆಂಬ ರೂಪಕವನ್ನೂ ಒಂದು ಗಳಿಗೆ ನೋಡಬೇಕು. ವಯಸ್ಕನ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಉಂಟು. ಅದರಲ್ಲಿ ನೂರಕ್ಕೆ ೯೯ ಪಾಲು ಅಸ್ಥಿಯಲ್ಲಿ. ಬೇಗ ವಿನಿಮಯವಾಗುವ ಕೊಳವೆಂದು ಕರೆಯುವುದು ಐದು ಗ್ರಾಮಿನಷ್ಟು. ಈ ಕೊಳಕ್ಕೆ ದೇಹದಲ್ಲಿ ದಡವಿಲ್ಲ, ಸೋಪಾನವಿಲ್ಲ. ರಕ್ತದಲ್ಲಿ ಸ್ವಲ್ಪ, ಮಾಂಸದ ಅಂತರಾಳದಲ್ಲಿ ಸ್ವಲ್ಪ, ಎಲುಬಿನ ಮೇಲ್ಮೈಯಲ್ಲಿ ಸ್ವಲ್ಪ. ಗಣಿತದ ಸಮೀಕರಣವೊಂದಕ್ಕೆ ಬೇಕಾದ ಪರಿಮಾಣವಿದು. ೧೯೬೭ರಲ್ಲಿ ನೀರ್ ಮತ್ತು ಸಂಗಡಿಗರು ಆರೋಗ್ಯವಂತ ಗಂಡಸರಲ್ಲಿ ಮಾಡಿದ ಅಧ್ಯಯನದಲ್ಲಿ ಒಂದು ಕೊಳ ಸಾಲದೆ ಹಲವು ಕೊಳಗಳನ್ನು ಸಾಲಾಗಿ ಜೋಡಿಸಿದರು. ಲೆಕ್ಕ ಸೊಗಸಾಗಿ ಕೂಡಿತು. ಮಾರ್ಷಲನು ಕೊಳಗಳನ್ನು ನೆಚ್ಚದೆ, ಕಾಲದೊಡನೆ ಬೇರೊಂದು ಕ್ರಮದಲ್ಲಿ ಇಳಿಯುವ ಘಾತಸೂತ್ರವೊಂದರಿಂದ ಅದೇ ಬಗೆಯ ಅಂಕಿಗಳನ್ನು ವಿವರಿಸಿದನು. ಎರಡು ರೂಪಕಗಳೂ ಅಂಕಿಗಳಿಗೆ ಹೊಂದಿಕೊಳ್ಳುವಾಗ, ಹೊಂದಿಕೆಯೊಂದೇ ಯಾವುದಕ್ಕೂ ಸಾಕ್ಷಿಯಾಗದು. ಕಾವ್ಯದಲ್ಲಿ ಒಂದೇ ಮುಖವನ್ನು ಚಂದ್ರನೆಂದೂ ಕಮಲವೆಂದೂ ಹೇಳಬಹುದು. ಅಷ್ಟರಿಂದ ಕೊಳದಲ್ಲಿ ಹುಡುಕಲು ಯಾರೂ ಹೋಗುವುದಿಲ್ಲ.

ಇಷ್ಟು ಹೇಳಿದಮೇಲೆ ಈ ವಿಧಾನದಿಂದ ಆದ ಉಪಕಾರವನ್ನು ಮರೆತರೆ ಅನ್ಯಾಯವಾದೀತು. ಬಾಸ್ಟನ್ನಿನ ಫುಲ್ಲರ್ ಆಲ್‌ಬ್ರೈಟ್ ೧೯೪೧ರಲ್ಲಿ, ಮುಟ್ಟುನಿಂತ ಹೆಂಗಸರ ಎಲುಬು ಟೊಳ್ಳಾಗುವುದಕ್ಕೆ ಕಾರಣ ಎಲುಬನ್ನು ಕಟ್ಟುವ ಕಣಗಳ ಆಲಸ್ಯವೆಂದು ಹೇಳಿದ್ದನು. ಆಲ್‌ಬ್ರೈಟನು ಈ ಶಾಸ್ತ್ರದ ಆಚಾರ್ಯಪುರುಷ. ಆತನ ಮಾತನ್ನು ಮೀರುವುದು ಸುಲಭವಾಗಿರಲಿಲ್ಲ. ೧೯೫೮ರಲ್ಲಿ ಹೀನಿ ಮತ್ತು ವೀಡನ್ ಎಂಬವರು ವಿಕಿರಣಶೀಲ ಕ್ಯಾಲ್ಸಿಯಂ ಕೊಟ್ಟು ಅಳೆದಾಗ, ಇಂಥ ರೋಗಿಗಳಲ್ಲಿ ಕಟ್ಟೋಣ ಕಡಮೆಯಾಗಿ ಕಾಣಲಿಲ್ಲ, ಆರೋಗ್ಯವಂತರಷ್ಟೇ ಇತ್ತು. ಕಟ್ಟೋಣ ಕುಗ್ಗದೆ ಎಲುಬು ಕರಗಿದೆಯೆಂದರೆ ಕರಗುವಿಕೆಯೇ ಹೆಚ್ಚಿರಬೇಕು. ಮೇಸ್ತ್ರಿ ಸೋಮಾರಿಯಲ್ಲ, ಗೋಡೆ ಕೆಡಹುವವನು ಚುರುಕಾಗಿದ್ದಾನೆ ಎಂದಂತಾಯಿತು. ಇಬ್ಬರಲ್ಲಿ ಯಾರನ್ನು ಹಿಡಿಯಬೇಕೆಂಬುದರ ಮೇಲೆ ಮದ್ದು ನಿಲ್ಲುತ್ತದೆ. ಇಂದು ಧಾರಾಳವಾಗಿ ಬಳಸುವ ಬಿಸ್‌ಫಾಸ್ಫೊನೇಟ್ ಔಷಧಗಳು ಕೆಡಹುವವನ ಕೈಹಿಡಿಯತಕ್ಕವು. ಟೆರಿಪಾರಟೈಡ್ ಎಂಬುದು ಮೇಸ್ತ್ರಿಯನ್ನು ಹುರಿದುಂಬಿಸತಕ್ಕದ್ದು.

ಆದರೆ ವಿಮರ್ಶಕನು ಇಲ್ಲಿ ಲೆಕ್ಕದ ಪುಸ್ತಕವನ್ನು ತೆರೆಯಬೇಕಾಗಿದೆ. ಹಳೆಯ ವರ್ತಕರ ಕಿರ್ದಿಯಲ್ಲಿ ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಪರಮಾಣುಗಳ ಈ ವಿಧಾನವು ಓದುವುದು ಜಮೆಯನ್ನು ಮಾತ್ರ. ಖರ್ಚನ್ನು, ಎಂದರೆ ಕರಗುವಿಕೆಯನ್ನು, ಅದು ಕಂಡುದಿಲ್ಲ. ಜಮೆಯಿಂದ ದೇಹದ ಒಟ್ಟು ಕ್ಯಾಲ್ಸಿಯಂ ಬಾಕಿಯನ್ನು ಕಳೆದು ಊಹಿಸಿದೆ. ಆ ಬಾಕಿಯೋ, ತಿಂದ ಆಹಾರಕ್ಕೂ ವಿಸರ್ಜಿಸಿದ ಮಲಮೂತ್ರಗಳಿಗೂ ಇರುವ ಸಣ್ಣ ಅಂತರ. ಒಂದು ದಿನದ ಸಂಗ್ರಹ ತಪ್ಪಿದರೆ ತಲೆಕೆಳಗಾಗುವಂಥದು. ಜಮೆಯಲ್ಲಿ ನಿಧಾನ ವಿನಿಮಯದ ಕಳ್ಳಲೆಕ್ಕ ಎಷ್ಟು ಸೇರಿತೋ ಖರ್ಚಿನಲ್ಲಿಯೂ ಅಷ್ಟೇ ಸೇರುತ್ತದೆ. ರೋಗಿಗೂ ಆರೋಗ್ಯವಂತನಿಗೂ ಈ ಕಳ್ಳಲೆಕ್ಕ ಸಮನಾಗಿದ್ದರೆ ಇಬ್ಬರನ್ನೂ ಹೋಲಿಸಿ ಹೇಳಿದ ಮಾತು ಕೆಡುವುದಿಲ್ಲ. ಸಮನಾಗಿದೆಯೆ? ರೋಗದಿಂದ ಬದಲಾದ ಎಲುಬಿನಲ್ಲಿ ಅದನ್ನು ಮುಂದಾಗಿ ಒಪ್ಪಿಕೊಳ್ಳುವಂತಿಲ್ಲ. ಮುಟ್ಟುನಿಂತ ಮೇಲೆ ಕಟ್ಟೋಣ ಕರಗುವಿಕೆಗಳೆರಡೂ ಹೆಚ್ಚಿ, ಕರಗುವಿಕೆ ಮಿಗಿಲಾಗುತ್ತದೆಂಬುದು ಮುಂದೆ ಬೇರೆ ಬೇರೆ ವಿಧಾನಗಳಿಂದ ಸ್ಥಿರಪಟ್ಟಿತು. ಹೀನಿ ಮತ್ತು ವೀಡನ್ ಹೇಳಿದ ಮುಖ್ಯಾಂಶ ಹೀಗೆ ನಿಂತಿತು. ತೀರ್ಪು ಸರಿಯಾಗಿದ್ದು ಸಾಕ್ಷ್ಯ ಪೂರ್ತಿಯಾಗಿರಲಿಲ್ಲವೆಂದು ಹೇಳುವುದೇ ಇಲ್ಲಿ ನ್ಯಾಯವೆಂದು ನನಗೆ ತೋರುತ್ತದೆ.

ಪೇಜೆಟ್ಟನ ರೋಗವೆಂಬುದರಲ್ಲಿ 'ವಹಿವಾಟು' ಎಂಬ ಪದವು ನಿಜವಾಗಿ ತಕ್ಕುದಾಗುತ್ತದೆ. ೧೮೭೭ರಲ್ಲಿ ಜೇಮ್ಸ್ ಪೇಜೆಟ್ ವರ್ಣಿಸಿದ ಈ ರೋಗದಲ್ಲಿ ಕಟ್ಟೋಣವೂ ಕರಗುವಿಕೆಯೂ ಹಲವು ಮಡಿ ಹೆಚ್ಚುತ್ತವೆ; ಬಾಕಿ ಮಾತ್ರ ಹೆಚ್ಚುಕಡಮೆ ಇದ್ದಂತೆಯೆ ಇರಬಹುದು. ಎಲುಬು ದಪ್ಪವಾಗುತ್ತದೆ, ಬಾಗುತ್ತದೆ, ಗಟ್ಟಿಯಾಗುವುದಿಲ್ಲ. ಸಂತೆಯಲ್ಲಿ ಭಾರಿ ವಹಿವಾಟು ನಡೆಸಿ ಸಂಜೆಗೆ ಗಂಟಿನಲ್ಲಿ ಏನೂ ಉಳಿಯದ ವರ್ತಕರನ್ನು ನಾವು ಕಂಡಿಲ್ಲವೆ? ಕನ್ನಡದ ಪದವು ವ್ಯಾಪಾರದ ಗಾತ್ರವನ್ನು ಹೇಳುತ್ತದೆ, ಲಾಭನಷ್ಟಗಳನ್ನು ಹೇಳುವುದಿಲ್ಲ. ಈ ಸಂಯಮ ಅದರ ಗುಣ.

ಚಿತ್ರ ತೆಗೆಯುವ ವಿಧಾನಗಳ ವಿಷಯವಾಗಿ ಹೆಚ್ಚು ಬರೆಯಬೇಕಾಗಿಲ್ಲ. ೧೯೭೧ರಲ್ಲಿ ಸುಬ್ರಮಣಿಯನ್ ಮತ್ತು ಮಕಾಫಿ ಎಂಬವರು ಆರು ಗಂಟೆಗಳ ಅರ್ಧಾಯುಷ್ಯದ ಟೆಕ್ನೀಷಿಯಂ-೯೯ಎಂ ಎಂಬುದನ್ನು ಫಾಸ್ಫೇಟಿಗೆ ಕಟ್ಟಿ ಎಲುಬಿಗೆ ಕಳುಹಿಸಿದಂದಿನಿಂದ ಅಸ್ಥಿಚಿತ್ರಣವು ಸಾಮಾನ್ಯ ಪರೀಕ್ಷೆಯಾಯಿತು. ಚಿತ್ರದಲ್ಲಿ ಕಪ್ಪಾಗಿ ಕಂಡ ಜಾಗವನ್ನು ಜನರು ರೋಗವೆಂದು ಕರೆಯುತ್ತಾರೆ. ಅದು ರೋಗಕ್ಕೆ ಎಲುಬು ಕೊಟ್ಟ ಪ್ರತ್ಯುತ್ತರ. ಇಲ್ಲಿಯೂ ಲಕ್ಷಣಾವೃತ್ತಿಯೆ. ಇದಕ್ಕಿಂತ ನನ್ನ ಮನಸ್ಸನ್ನು ಹಿಡಿದುದು ಫ್ಲೂರಿನ್-೧೮ರ ಕಥೆ. ಬ್ಲಾವ್ ಮತ್ತು ಸಂಗಡಿಗರು ೧೯೬೨ರಲ್ಲಿ ಎಲುಬಿನ ಚಿತ್ರಕ್ಕಾಗಿ ಇದನ್ನು ಸೂಚಿಸಿದರು. ೧೧೦ ನಿಮಿಷಗಳಲ್ಲಿ ಅರ್ಧವಾಗುವ ಈ ಫ್ಲೂರಿನ್ನನ್ನು ಎಲುಬು ಆತುರದಿಂದ ಹಿಡಿಯುತ್ತದೆ. ನಮ್ಮ ಪಾವಗಡ, ಮುಂಡರಗಿ ಸೀಮೆಗಳ ಬಾವಿನೀರಿನಲ್ಲಿ ವರ್ಷಗಟ್ಟಲೆ ಕುಡಿದ ಫ್ಲೋರೈಡು ಜನರ ಹಲ್ಲನ್ನು ಕೆಡಿಸಿ ಬೆನ್ನೆಲುಬನ್ನು ಸೆಡೆಸಿದುದು ಎಲುಬಿನ ಇದೇ ಆತುರದಿಂದ.

ಖರ್ಚಿನ ಪುಟವನ್ನು ನೇರವಾಗಿ ಓದುವ ಉಪಾಯವೂ ಕಡೆಗೆ ದೊರೆತಿದೆ. ಕ್ಯಾಲ್ಸಿಯಂ-೪೧ರ ಅರ್ಧಾಯುಷ್ಯ ಸುಮಾರು ಒಂದು ಲಕ್ಷ ವರ್ಷ. ಅದು ಅಷ್ಟು ಮೆಲ್ಲಗೆ ಕ್ಷಯಿಸುವುದರಿಂದಲೂ ಕೊಡುವ ಪ್ರಮಾಣ ಅತ್ಯಲ್ಪವಾದುದರಿಂದಲೂ ರೋಗಿಗೆ ತಾಗುವ ವಿಕಿರಣ ಅತಿ ಸ್ವಲ್ಪ. ಅದನ್ನು ಒಮ್ಮೆ ಕೊಟ್ಟು, ಎಲುಬಿನಲ್ಲಿ ನೆಲೆಸುವ ವರೆಗೆ ಕಾದು, ಆಮೇಲೆ ಮೂತ್ರದಲ್ಲಿ ಬರುವ ಪರಮಾಣುಗಳನ್ನು ವೇಗೋತ್ಕರ್ಷಕ ಯಂತ್ರದಲ್ಲಿ ಒಂದೊಂದಾಗಿ ಎಣಿಸುತ್ತಾರೆ. ೧೯೯೦ರ ದಶಕದಿಂದ ಮನುಷ್ಯರಲ್ಲಿ ನಡೆಯುತ್ತಿರುವ ಈ ಕ್ರಮದಲ್ಲಿ ಎಲುಬು ಬಿಟ್ಟುಕೊಟ್ಟುದು ವರ್ಷಗಟ್ಟಲೆ ಕಾಣುತ್ತದೆ. ಮದ್ದು ಕೊಟ್ಟಾಗ ಅದು ಇಳಿಯುವುದೂ ಕಾಣುತ್ತದೆ. ಕಳೆಯುವ ಲೆಕ್ಕಕ್ಕೆ ಇಲ್ಲಿ ಕೆಲಸವಿಲ್ಲ. ಬಿಟ್ಟುಹೋದುದು ಕರಗಿದ ಎಲುಬಿನದೋ ವಿನಿಮಯವಾದುದೋ ಎಂಬ ಹಳೆಯ ಪ್ರಶ್ನೆ ಮಾತ್ರ ಬಾಗಿಲಲ್ಲೇ ನಿಂತಿದೆ.

ಇನ್ನು ನನ್ನ ವಿದ್ಯಾರ್ಥಿಯ ಭಾಷಾಂತರ. 'ಟರ್ನೋವರ್' ಎಂದಿದ್ದ ಕಡೆ 'ವಹಿವಾಟು' ಉಳಿಯಿತು. 'ಅಕ್ರೀಷನ್' ಎಂದಿದ್ದಲ್ಲಿ 'ಉಪಚಯ'ವನ್ನು ತೆಗೆಸಿದೆನು. ಮೊದಲು 'ಸೆಳೆತ' ಎಂದು ಯೋಚಿಸಿದ್ದೆನು. ಎಲುಬಿನ ಸೆಳೆತವೆಂದರೆ ನಮ್ಮ ಕಡೆಯ ರೋಗಿಯು ನೋವೆಂದೇ ತಿಳಿಯುತ್ತಾನೆಂದು ಅವರೇ ನೆನಪುಮಾಡಿದರು. ಕೊನೆಗೆ 'ಸೇರಿಕೆ' ಎಂದು ಇಟ್ಟೆವು. ಸೇರಿತೆಂಬುದಷ್ಟನ್ನೆ ಅದು ಹೇಳುತ್ತದೆ, ಹೇಗೆ ಸೇರಿತೆಂಬುದನ್ನು ಹೇಳುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡುದಕ್ಕೆ ಮಾತ್ರ 'ಕಟ್ಟೋಣ'. 'ಕೊಳ'ವನ್ನು ಬಿಟ್ಟು 'ವಿನಿಮಯಾಂಶ'ವೆಂದು ಬರೆಯಿರೆಂದುದಕ್ಕೆ ಅವರು ಒಪ್ಪಲಿಲ್ಲ. ತಮ್ಮ ಓದುಗರಿಗೆ ಕೊಳ ಗೊತ್ತು, ವಿನಿಮಯಾಂಶ ಗೊತ್ತಿಲ್ಲ ಎಂದರು. ಒಂದು ಷರತ್ತಿನ ಮೇಲೆ ಬಿಟ್ಟುಕೊಟ್ಟೆನು. ಅದರಂತೆ ಅವರ ಲೇಖನದ ಎರಡನೆಯ ಪುಟದಲ್ಲಿ, ಈ ಕೊಳವು ದೇಹದ ಯಾವ ಒಂದು ಜಾಗದಲ್ಲಿಯೂ ಇಲ್ಲವೆಂಬ ವಾಕ್ಯ ಸೇರಿದೆ.